ಪರದೇಶಕ್ಕೆ ಹೋದ ಅಕ್ಕನ ದನಿ

ಅಕ್ಕ ಸೋಬಾನೆ ಪದ ಹೇಳುತ್ತಿದ್ದಳು. ನಿಟ್ಟೂರಿನ ನಮ್ಮ ಮನೆಯ ಜಗಲಿಯಲ್ಲಿ ಕೂತು ಹಾಡಿ, ವಿಡಿಯೊ ಮಾಡಿ, ಆಗ ಊರಿಗೆಲ್ಲ ಹುಚ್ಚು ಹಿಡಿಸಿದ್ದ ಒಂದು ಆ್ಯಪ್‌ಗೆ ಹಾಕುತ್ತಿದ್ದಳು. ಹಾಕಿದ ಕೂಡಲೇ, ಜಾಗ ಸಾಲದೆಂದು ಫೋನಿನಿಂದ ಅಳಿಸುತ್ತಿದ್ದಳು. ಜ್ವರವೆಂದು ತುಮಕೂರಿನ ಆಸ್ಪತ್ರೆಗೆ ಸೇರಿದವಳು ಮನೆಗೆ ಬರಲಿಲ್ಲ.

ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಾಡು ಕೇಳಿಸಬಾರದು ಎಂಬುದು ನಮ್ಮ ಮನೆತನದ ಕಟ್ಟುಪಾಡು. ಅವ್ವ ಅದನ್ನು ಬಿಗಿಯಾಗಿ ಹಿಡಿದಿದ್ದಳು. ಟೀವಿಯಲ್ಲಿ ವಾರ್ತೆ ಮಾತ್ರ. ಆ ವಾರ್ತೆಯಲ್ಲೇ ಒಂದು ಸಂಜೆ ಬಂತು, ಆ ಆ್ಯಪನ್ನು ನಮ್ಮ ಸರ್ಕಾರ ಬಂದ್ ಮಾಡುತ್ತಿದೆ ಎಂದು. ಅದು ಪರದೇಶದ ಕಂಪನಿಯದು, ನಮ್ಮ ಮಾಹಿತಿಯೆಲ್ಲ ಅಲ್ಲಿನ ಸರ್ಕಾರದ ಕೈ ಸೇರಬಹುದಂತೆ. ಅಕ್ಕನ ವಿಡಿಯೊಗಳನ್ನು ಇಳಿಸಿಕೊಳ್ಳೋಣವೆಂದು ತಕ್ಷಣ ಫೋನ್ ತೆಗೆದೆ. ತೆರೆದದ್ದೇ ತಡ, ಅವಳ ದನಿ ಎದ್ದಿತು. ಅವ್ವ ಒಳಗಿನಿಂದ ಓಡಿಬಂದು ಫೋನ್ ಕಿತ್ತುಕೊಂಡಳು.

"ವರ್ಷ ತುಂಬ್ಲಿ ಕಣೇ. ಅವಳ ಹಾಡು ಎಲ್ಗೂ ಹೋಗಕಿಲ್ಲ."

ಬೆಳಗ್ಗೆ ಫೋನ್ ಕೈಗೆ ಬಂದಾಗ ಆ್ಯಪ್ ತೆರೆದುಕೊಳ್ಳಲಿಲ್ಲ.

ಆಮೇಲೆ ನಾನು ತಿರುಗದ ಅಂಗಡಿಯಿಲ್ಲ. ಗುಬ್ಬಿಯ ಮೊಬೈಲ್ ಅಂಗಡಿಯವನು ತಲೆಯಾಡಿಸಿಬಿಟ್ಟ. ಕುಣಿಗಲ್‌ನಲ್ಲಿ ಬಲ್ಲವನೊಬ್ಬನಿದ್ದಾನೆಂದು ಯಾರೋ ಹೇಳಿದರು, ಬಸ್ಸು ಹತ್ತಿದೆ. "ಮೇಡಂ, ಅದು ನಿಮ್ ಫೋನಲ್ಲಿಲ್ಲ. ಹೊರದೇಶದ ಸರ್ವರ್‌ನಲ್ಲಿದೆ. ಇದ್ರೆ," ಎಂದ. ಕಂಪನಿಗೆ ಮೇಲ್ ಕಳಿಸಿದೆ, ಮತ್ತೆ ಕಳಿಸಿದೆ. ಉತ್ತರವಿಲ್ಲ. ತುಮಕೂರಿನ ಸತ್ಯಮಂಗಲದಲ್ಲಿ ನಾನು ಕೆಲಸ ಮಾಡುವ ಫ್ಯಾಕ್ಟರಿಯಲ್ಲಿ ಜೊತೆಯವರು ಟೀ ಕುಡಿಯುತ್ತ, "ಒಳ್ಳೇದೇ ಆಯ್ತು, ಇನ್ನು ನಮ್ ಡೇಟಾ ಸೇಫು," ಎನ್ನುವಾಗ ಮೈಯೆಲ್ಲ ಉರಿಯುತ್ತಿತ್ತು. ಯಾರಿಂದ ಸೇಫು? ನನ್ನಿಂದ.

ವರ್ಷದ ಎಡೆ ಇಟ್ಟು, ನೆಂಟರು ಉಂಡು ಹೊರಟ ಮೇಲೆ ಅವ್ವ ಸೆರಗಿಗೆ ಕೈ ಒರೆಸಿಕೊಂಡು ಪಕ್ಕದಲ್ಲಿ ಕೂತಳು.

"ಈಗ ಹಾಕು ಕಣೇ."

ಹೋಯಿತೆಂದು ಆಗಲೇ ಹೇಳಿದ್ದೆ. ಅವಳು ಅದನ್ನು ಕರೆಂಟು ಹೋದ ಹಾಗೆ ತಿಳಿದಿದ್ದಳು, ಇವತ್ತಲ್ಲ ನಾಳೆ ಬರುತ್ತದೆಂದು. ಮತ್ತೆ ಬಿಡಿಸಿ ಹೇಳಿದೆ. ಹೇಳುವಾಗ ಅವಳ ಮೇಲೆ ಸಿಟ್ಟೂ ಇತ್ತು, ಮುಖ ನೋಡಲಾಗುತ್ತಿರಲಿಲ್ಲ. ಅವ್ವ ಕೇಳಿದಳು:

"ಆ ಸರ್ಕಾರ್ದವ್ರು ತಗಂಡವ್ರಾ ಅವಳ ಹಾಡ್ನ?"

"ತಗೊಂಡಿರ್ಬೋದು ಅಂತಾರೆ ಕಣವ್ವ."

"ತಗಂಡಿದ್ರೆ ಸಾಕು ಸಿವನೇ. ಅವ್ರೇ ಇಟ್ಕಳ್ಳಿ. ನಂಗೊಂದ್ಸಲ ಕೇಳ್ಸಿ ಅಂತ ಬರಿ ಅವ್ರಿಗೆ."

ಬರೀತೀನಿ ಅಂದೆ. ಯಾರಿಗೆ ಬರೆಯಬೇಕೋ ಇವತ್ತಿಗೂ ಗೊತ್ತಿಲ್ಲ. ಅವರು ಕದ್ದಿರಲಿ ಎಂದು ಮಾತ್ರ ದಿನಾ ಬೇಡಿಕೊಳ್ಳುತ್ತೇನೆ.