ಊಟಿಯ ಬಾಗಿಲಿಗೆ ನೀರು

ಐವತ್ತರ ದಶಕದ ಮಾತು. ಮದುವೆಯಾದ ಮರುವರ್ಷ ಯಜಮಾನರಿಗೆ ಊಟಿಯ ಚಹಾ ತೋಟವೊಂದರಲ್ಲಿ ಗುಮಾಸ್ತರ ಕೆಲಸ ಸಿಕ್ಕಿತು. ಮೈಸೂರಿನ ನಮ್ಮ ಬೀದಿಯವರೆಲ್ಲ ನನ್ನನ್ನು ನೋಡಿ ಪಾಪ ಎಂದರು. ನನಗೇನೂ ಹಾಗನ್ನಿಸಲಿಲ್ಲ. ಬೆಳಿಗ್ಗೆ ಅಡುಗೆಮನೆಯ ಕಿಟಕಿ ತೆಗೆದರೆ ಮಂಜು ಹೇಳದೆ ಕೇಳದೆ ಒಳಗೆ ಬರುತ್ತಿತ್ತು. ದೋಸೆ ಹಿಟ್ಟು ಹುಳಿ ಬರಲೆಂದು ಪಾತ್ರೆಗೆ ಯಜಮಾನರ ಸ್ವೆಟರ್ ಹೊದಿಸಿ ಒಲೆಯ ಪಕ್ಕ ಇಡುತ್ತಿದ್ದೆ. ಬೆಳಗಾದರೆ ಅವರು ಅದನ್ನೇ ತೊಟ್ಟು ಕೆಲಸಕ್ಕೆ ಹೋಗುತ್ತಿದ್ದರು. ಮಧ್ಯಾಹ್ನ ಮನೆಯ ಹಿಂದಿನ ದಿಣ್ಣೆ ಹತ್ತಿ ಕೂತರೆ ಬೆಟ್ಟದ ಹಿಂದೆ ಬೆಟ್ಟ. ಅಷ್ಟು ಸುಖವಾಗಿ ನಾನು ಬೇರೆಲ್ಲೂ ಕೂತಿಲ್ಲ.

ನಾನು ಬಸುರಿ ಎಂದು ಕಾಗದ ಹೋಗಿದ್ದೇ ತಡ, ನನ್ನನ್ನು ಕರೆದೊಯ್ಯಲು ಅತ್ತೆ ಬಂದಿಳಿದರು. ತಾಯಿಯಿಲ್ಲದ ನನಗೆ ಅವರ ಮನೆಯೇ ತವರು. ಆಗ ಡಿಸೆಂಬರ್ ಕೊನೆ.

"ಬಸುರಿ ಹೆಂಗ್ಸು ಇರೋ ಜಾಗ್ವಾ ಇದು? ಹೆರಿಗೆ ಆಗೋಗಂಟ ಮೈಸೂರಲ್ಲಿರು" ಎಂದು ಅವರೇ ನನ್ನ ಟ್ರಂಕು ತುಂಬಿದರು. ಯಜಮಾನರು ತಾಯಿಯ ಎದುರು ಬಾಯಿ ಬಿಡುವವರಲ್ಲ. ನನಗೆ ಅಳು ಬಂತು, ಸಿಟ್ಟೂ ಬಂತು.

ಮರುದಿನ ಬೆಳಕು ಹರಿಯುವ ಮುಂಚೆ ಅತ್ತೆ ಚೊಂಬು ಹಿಡಿದು ಬಾಗಿಲಿಗೆ ನೀರು ಹಾಕಲು ಹೊರಟರು.

"ಹಾಕ್ಬೇಡಿ ಅತ್ತೆ, ಈ ಚಳಿಗೆ ಗಟ್ಟಿಯಾಗ್ಬುಡ್ತದೆ" ಎಂದೆ.

"ನೀರ್ ಹಾಕ್ದಿದ್ ಮೇಲೆ ಅದೊಂದು ಬಾಗ್ಲಾ?" ಎಂದು ಧಾರಾಳವಾಗಿಯೇ ಚಿಮುಕಿಸಿದರು. ಒಳಗೆ ಬಂದು ಕಾಫಿ ಕುಡಿದು, ರಂಗೋಲಿ ಬಟ್ಟಲು ಹುಡುಕಿಕೊಂಡು ಮತ್ತೆ ಹೊರಗೆ ಕಾಲಿಟ್ಟವರು ಜಾರಿ ದೊಪ್ಪನೆ ಕೂತರು. ಪುಡಿಯೆಲ್ಲ ಸೀರೆಯ ಮೇಲೆ.

ಓಡಿಹೋಗಿ ಕೈ ಕೊಟ್ಟೆ. ಅವರು ಹಿಡಿಯಲಿಲ್ಲ. ಎದುರಿನ ಇಳಿಜಾರಿಗೆ ಆಗಷ್ಟೇ ಬಿಸಿಲು ಬಿದ್ದಿತ್ತು. ಹೆಪ್ಪುಗಟ್ಟಿದ ಇಬ್ಬನಿಯಿಂದ ಹುಲ್ಲೆಲ್ಲ ಬೆಳ್ಳಗಾಗಿ, ಅದರಿಂದ ಹಬೆ ಏಳುತ್ತಿತ್ತು. ಅತ್ತೆ ಕೂತಲ್ಲೇ ಅದನ್ನು ನೋಡಿದರು. ನೀರು ಬೀಳದಿದ್ದ ಪಕ್ಕದ ಕಲ್ಲಿನ ಮೇಲೂ ಅದೇ ಬಿಳುಪು. ನೋಡುತ್ತ ನೋಡುತ್ತಲೇ ಅದರ ಮೇಲೆ ಬೆರಳಿನಿಂದ ಚುಕ್ಕಿ ಇಟ್ಟು ಗೆರೆ ಎಳೆಯತೊಡಗಿದರು.

"ಇಲ್ಲಿ ಬೆಟ್ಟವೇ ಬಾಗ್ಲಿಗೆ ನೀರು, ಪುಡಿ ಎಲ್ಲಾ ಹಾಕ್ಬುಟ್ಟದೆ, ನಮ್ಗೇನ್ ಕೆಲ್ಸ" ಎಂದರು. ರಂಗೋಲಿ ಮುಗಿದ ಮೇಲೆ ನನ್ನ ಕೈ ಹಿಡಿದು ಎದ್ದರು. "ನೀನು ಮಾತ್ರ ನೀರು ಹಾಕೋಕೋಗ್ಬೇಡ ಕಣಮ್ಮ. ಸೀಮಂತಕ್ ಬಂದ್ರೆ ಸಾಕು. ಹೋಗು, ಟ್ರಂಕು ಬಿಚ್ಬುಡು."

ಮಧ್ಯಾಹ್ನದ ಮೈಸೂರು ಬಸ್ಸಿಗೆ ಅವರೊಬ್ಬರನ್ನೇ ಹತ್ತಿಸಿದೆವು. ಬಸ್ಸು ಹೊರಟಾಗ ನಾನು ಕೈ ಬೀಸಿದೆ. ಅವರು ಬೀಸಲಿಲ್ಲ. ರಂಗೋಲಿ ಎಳೆದ ಬೆರಳನ್ನು ಬಾಯಿಯ ಹತ್ತಿರ ಹಿಡಿದು ಇನ್ನೂ ಊದಿಕೊಳ್ಳುತ್ತಿದ್ದರು.