ಬೇತಮಂಗಲದ ನತ್ತೆಗಳು

ನನಗೆ ಅನುಮಾನ ಜಾಸ್ತಿ. ಮದುವೆಯಾಗಿ ಬಂಗಾರಪೇಟೆ ಕಡೆಯಿಂದ ಚಿನ್ನದ ಗಣಿ ಮಗ್ಗುಲಿನ ಹಳ್ಳಿಗೆ ಬಂದ ವರ್ಷವೇ ಅತ್ತೆ ಅದನ್ನು ಊರಿಗೆಲ್ಲ ಸಾರಿದ್ದರು. ಗಂಡನಿಗೆ ಗಣಿಯಲ್ಲಿ ಬಂಡೆ ಪುಡಿ ಮಾಡುವ ಮಿಲ್ಲಿನ ಕೆಲಸ. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಮಗಳಿಗೆ ಇನ್ನೂ ಎರಡು ತುಂಬಿರಲಿಲ್ಲ, ಏನು ಮಾಡಿದರೂ ಕೆಮ್ಮು ಬಿಡುತ್ತಿರಲಿಲ್ಲ.

ಕೆಮ್ಮಿಗೆ ನಮ್ಮ ಕಡೆ ನತ್ತೆ ಸಾರು. ನತ್ತೆ ಅಂದರೆ ಕೆರೆಯ ಬಸವನಹುಳು. ಅತ್ತೆ ಊರ ಕೆರೆಯಿಂದ ಒಂದು ಬುಟ್ಟಿ ತಂದರು. ಒಂದನ್ನು ಎತ್ತಿಕೊಂಡೆ. ಚಿಪ್ಪು ಬೆರಳ ನಡುವೆ ಹಪ್ಪಳದ ಹಾಗೆ ಪುಡಿಯಾಯಿತು. ಒಳಗಿನ ಹುಳು ಬಡಕಲಾಗಿ ಹಸಿರುಗಟ್ಟಿತ್ತು. ನನ್ನ ತವರಿನಲ್ಲಿ ನತ್ತೆ ಒಡೆಯಲು ಕಲ್ಲೇ ಬೇಕಿತ್ತು.

“ಇದು ಬ್ಯಾಡ ಅತ್ತಮ್ಮ. ಮಳೆ ಬಂದ್ರೆ ಗಣಿ ಮಿಲ್ಲಿನ ಪುಡಿ ಸುರಿಯೋ ದಿಬ್ಬದ ಮಣ್ಣು ಕೆರೆಗೇ ಇಳೀತದೆ. ಅದ್ರಾಗೆ ಸೀಸ, ಪಾಷಾಣ ಎಲ್ಲಾ ಇರ್ತದೆ ಅಂತ ನಿಮ್ ಮಗ್ನೇ ಏಳವ್ರೆ.”

“ಅಯ್ಯೋ, ಬಂದ್ಬುಟ್ಲು! ನಾವೆಲ್ಲ ತಿಂದು ಸತ್ತೋದ್ವಾ? ನಾಳೆ ನನ್ ಕೈ ಅನ್ನಾನೂ ಇಸ ಅಂತೀಯ ಕಣಮ್ಮಿ!”

ಮೈಯೆಲ್ಲ ಉರಿದುಹೋಯಿತು. ಮಗುವನ್ನು ಸೊಂಟಕ್ಕೇರಿಸಿಕೊಂಡು ಬಸ್ಸು ಹತ್ತಿ ಬೇತಮಂಗಲಕ್ಕೆ ಹೋದೆ. ಅಲ್ಲಿಯ ಕೆರೆಯಂಚಿನಲ್ಲಿ ಸೀರೆ ಎತ್ತಿಕಟ್ಟಿ ನಾನೇ ಹುಡುಕಿದೆ. ದಪ್ಪ ಚಿಪ್ಪಿನ ನತ್ತೆಗಳು, ಮುಟ್ಟಿದರೆ ಸಾಕು ಬಾಯಿ ಮುಚ್ಚಿಕೊಳ್ಳುತ್ತಿದ್ದವು. ಒದ್ದೆ ಬಟ್ಟೆಯಲ್ಲಿ ಕಟ್ಟಿ ತಂದು ಅತ್ತೆಯ ಮುಂದೆ ಸುರಿದೆ. ಅವರು ಒಂದನ್ನು ಒತ್ತಿ ನೋಡಿದರು, ಇನ್ನೊಂದನ್ನೂ ಒತ್ತಿದರು, ತಮ್ಮ ಬುಟ್ಟಿಯನ್ನು ಮೂಲೆಗೆ ಸರಿಸಿದರು. ಗೆದ್ದೆ ಅಂದುಕೊಂಡೆ.

ನತ್ತೆಯನ್ನು ತಂದ ದಿನವೇ ಬೇಯಿಸುವುದಿಲ್ಲ. ಹೊಟ್ಟೆಯ ಕೆಸರು ಕಕ್ಕಲಿ ಎಂದು ರಾತ್ರಿಯೆಲ್ಲ ನೀರಿನಲ್ಲಿ ಬಿಡುತ್ತೇವೆ. ನಾನೂ ಬಿಟ್ಟೆ. ಅತ್ತೆ ಹಟಕ್ಕೆ ಬಿದ್ದು ತಮ್ಮ ನತ್ತೆಗಳನ್ನೇ ಬೆರೆಸಿಬಿಟ್ಟರೆ? ಪಾತ್ರೆಯ ಮೇಲೆ ಕುಕ್ಕೆ ಬೋರಲು ಹಾಕಿ, ಕಲ್ಲು ಹೇರಿ, ಪಕ್ಕದಲ್ಲೇ ಮಲಗಿದೆ.

ಬೆಳಗ್ಗೆ ನೋಡಿದರೆ ಎಲ್ಲವೂ ಬಾಯಿ ಬಿಟ್ಟುಕೊಂಡು ತಳದಲ್ಲಿ ಬಿದ್ದಿದ್ದವು. ಕಡ್ಡಿಯಿಂದ ಚುಚ್ಚಿದರೂ ಒಂದೂ ಅಲುಗಲಿಲ್ಲ.

“ಏನ್ ಆಕಿದ್ರಿ ಇದಕ್ಕೆ?” ಎಂದು ಅತ್ತೆಯ ಮೇಲೆ ಹರಿಹಾಯ್ದೆ.

ಅವರು ಜಗಳಕ್ಕೆ ಬರಲಿಲ್ಲ. ಪಾತ್ರೆಯನ್ನೇ ನೋಡುತ್ತಾ, “ನಾನೇನೂ ಆಕಿಲ್ಲ ಕಣಮ್ಮಿ. ನೀರು ಯಾವ್ದು ಉಯ್ದೆ?” ಅಂದರು.

ಗುಡಾಣದ ನೀರು. ನಮ್ಮೂರ ಕೆರೆ ಪಕ್ಕದ ಬಾವಿಯಿಂದ ನಾನೇ ಸೇದಿ ತಂದದ್ದು. ಮನೆಮಂದಿಯೆಲ್ಲ ಕುಡಿಯುತ್ತಿದ್ದುದೂ ಅದನ್ನೇ.

ಅಷ್ಟರಲ್ಲಿ ಮಗಳು ಎದ್ದು, ಕೆಮ್ಮುತ್ತಾ ನೀರು ಕೇಳಿದಳು. ನಾವಿಬ್ಬರೂ ಗುಡಾಣದತ್ತ ಕೈ ಚಾಚಲಿಲ್ಲ.