ಕಲ್ಯಾಣದುರ್ಗಕ್ಕೆ ಹೋಗದ ಉಯಿಲು

೧೯೮೪ರ ಜುಲೈ ೧೭, ಮಂಗಳವಾರ. ಆಧಾರ: ಆ ವರ್ಷದ ನನ್ನ ದಿನಚರಿ; ವಾರವನ್ನು ಪಂಚಾಂಗದೊಡನೆ ತಾಳೆ ನೋಡಿದ್ದೇನೆ. ಚಿಕ್ಕಮ್ಮ ಹಿಂದೂಪುರದಲ್ಲಿ ಹೂಡಿದ್ದ ಉಯಿಲಿನ ಮೊಕದ್ದಮೆಯನ್ನು ಕಲ್ಯಾಣದುರ್ಗಕ್ಕೆ ವರ್ಗಾಯಿಸಿ ಆದೇಶವಾದದ್ದು ಅಂದು. ‘ಅವನೇ ಮಾಡಿಸಿದ’ ಎಂದು ಬರೆದಿದ್ದೇನೆ. ಅಲ್ಲಿ ಲೇಖನಿಯ ಮೊನೆ ಕಾಗದವನ್ನು ಹರಿದಿದೆ.

‘ಅವನು’ ಎಂದರೆ ಚಿಕ್ಕಮ್ಮನ ಸೋದರಮಾವನ ತಮ್ಮ, ಕಲ್ಯಾಣದುರ್ಗದ ವಾಸಿ. ಹೆಂಡತಿ ಮಕ್ಕಳಿಲ್ಲದ ಆ ಸೋದರಮಾವ, ತನ್ನನ್ನು ಕೊನೆಯವರೆಗೂ ನೋಡಿಕೊಂಡ ವಿಧವೆ ಚಿಕ್ಕಮ್ಮನಿಗೆ ಹಿಂದೂಪುರದ ಮನೆಯನ್ನೂ ಆಕೆ ನೇಯುತ್ತಿದ್ದ ಮಗ್ಗವನ್ನೂ ಬರೆದಿಟ್ಟಿದ್ದ. ಉಯಿಲು ರುಜುವಾತಾಗದಿದ್ದರೆ ಎರಡೂ ತಮ್ಮನಿಗೆ. ಉಳಿದಿದ್ದ ಸಾಕ್ಷಿ ಒಬ್ಬನೇ: ಕಲ್ಯಾಣದುರ್ಗದ ಹತ್ತಿರದ ಬೆಳುಗುಪ್ಪದಲ್ಲಿ ಮಗಳ ಮನೆ ಸೇರಿದ್ದ ಮುದಿ ನೇಕಾರ.

ಕಾಗದಗಳ ಕಟ್ಟು ಕಲ್ಯಾಣದುರ್ಗಕ್ಕೆ ಹೋಯಿತು, ಉಯಿಲು ಹೋಗಲಿಲ್ಲ. ಮೂಲ ಉಯಿಲು ಕಟ್ಟಿನೊಳಗಿರುವುದಿಲ್ಲ, ಮೊದಲ ಕೋರ್ಟಿನ ತಿಜೋರಿಯಲ್ಲಿರುತ್ತದೆ. ಅದನ್ನು ಕಳುಹಿಸಿರೆಂದು ಬೇರೆಯೇ ಅರ್ಜಿ ಹಾಕಬೇಕು. ನಮ್ಮ ವಕೀಲ ಹಾಕಲಿಲ್ಲ. ಸಹಿ ಗುರುತಿಸಲು ಬಂದ ಮುದುಕನ ಮುಂದೆ ಸಹಿಯೇ ಇಲ್ಲ. ಮತ್ತೆ ವಾಯಿದೆ, ಮತ್ತೆ ವಾಯಿದೆ.

“ಇವತ್ತಾದ್ರೂ ಬಂತೇನಮ್ಮ ನಿನ್ನ ಕಾಗ್ದ?” ಎಂದು ಕೋರ್ಟಿನ ಜಗಲಿಯಲ್ಲಿ ಕುಳಿತ ಮುದುಕ ಚಿಕ್ಕಮ್ಮನನ್ನು ಕೇಳುತ್ತಿದ್ದ.

“ಇಲ್ಲ ಕಣಣ್ಣ, ಹಿಂದೂಪುರದಾಗೇ ಮಲಗೈತೆ.”

“ನಾನೇ ಬಸ್ಸತ್ತಿ ಬತ್ತೀನಿ, ಅದ್ಕೇನು ನನಗಿಂತ ಮಂಡಿನೋವಾ?”

ವಕೀಲ ಕೋಟು ಸರಿಪಡಿಸಿಕೊಳ್ಳುತ್ತ ಹೇಳುತ್ತಿದ್ದ: “ಎಲ್ಲಾ ಅವನ ಕಿತಾಪತಿ ಕಣಮ್ಮ. ಕೇಸು ಎತ್ತಿಸಿ ತನ್ನೂರಿಗೆ ತಂದ್ಬುಟ್ಟ ನೋಡು.”

ನಾವು ನಂಬಿದೆವು. ಆ ಮನುಷ್ಯ ಎದುರಾದಾಗ ಚಿಕ್ಕಮ್ಮ ನೆಲಕ್ಕೆ ಉಗುಳುತ್ತಿದ್ದಳು, ನಾನು ತಡೆಯುತ್ತಿರಲಿಲ್ಲ. ಉಯಿಲು ತಲುಪುವ ಮೊದಲೇ ಮುದುಕ ತೀರಿಕೊಂಡ. ಕೇಸು ಸೋತು ಚಿಕ್ಕಮ್ಮ ಮನೆ ಬಿಟ್ಟ ದಿನ ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು. ಸೀರೆ ಮುಗಿಯದೆ ಹಾಸಿನ ನೂಲನ್ನು ಕೊಯ್ಯುವುದು ಅಪಶಕುನವೆಂದು ಅದನ್ನು ಹಾಗೆಯೇ ಬಿಟ್ಟು ಬಂದಳು. ಆ ಅರ್ಧ ಸೀರೆಯನ್ನು ನೆನೆದರೆ ಇಂದಿಗೂ ನನಗೆ ಬರುವುದು ದುಃಖವಲ್ಲ, ಸಿಟ್ಟು.

ದಿನಾಂಕವೊಂದನ್ನು ಖಚಿತಪಡಿಸಿಕೊಳ್ಳಲೆಂದು ಈಚೆಗೆ ವರ್ಗಾವಣೆ ಆದೇಶದ ದೃಢೀಕೃತ ಪ್ರತಿ ತರಿಸಿದೆ. ದಿನಾಂಕ ಸರಿಯಾಗಿದೆ. ಅರ್ಜಿದಾರಳು ಚಿಕ್ಕಮ್ಮ. ಕಾರಣ: ಸಾಕ್ಷಿ ವೃದ್ಧ, ಹಿಂದೂಪುರದವರೆಗೆ ಪ್ರಯಾಣ ಮಾಡಲಾರ. ಅರ್ಜಿ ಸಲ್ಲಿಸಿದವನು ನಮ್ಮದೇ ವಕೀಲ. ಅದನ್ನು ಆಕೆಗೆ ಓದಿ ಹೇಳಿದನೋ ಇಲ್ಲವೋ, ದಾಖಲೆ ಹೇಳುವುದಿಲ್ಲ. ಮೊಕದ್ದಮೆ ಹಿಂದೂಪುರದಲ್ಲೇ ಇರಲಿ ಎಂದು ತಕರಾರು ಸಲ್ಲಿಸಿದ್ದವನು, ನಾವು ಉಗುಳಿದ ಆ ತಮ್ಮ.